ಅತ್ತಿಗೆ ಆರಿಸಿದ ಆಂಪ್ಲಿಫೈಯರ್

ಅಣ್ಣನಿಗೆ,

ನಾಳೆ ನಿನ್ನ ಮನೆಗೊಂದು ಆಂಪ್ಲಿಫೈಯರ್ ಬರುತ್ತದೆ. ಕಳಿಸಿದವಳು ನಾನು. ವಾಪಸ್ ಕಳಿಸುವ ಮೊದಲು ಇದನ್ನು ಪೂರ್ತಿ ಓದು. ಎದುರಿಗೆ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಅಂಗಡಿಗೆ ಬಂದವರೆಲ್ಲ ನಂಬಿದ್ದು ನಿನ್ನ ಕಿವಿಯನ್ನು. ಯಾವ ಸ್ಪೀಕರ್‌ಗೆ ಯಾವ ಆಂಪ್ಲಿಫೈಯರ್ ಎಂದು ನೀನು ಹೇಳಿದರೆ ಮುಗಿಯಿತು. ಹಿಂದಿನ ಕೋಣೆಯಲ್ಲಿ ಬೆಸುಗೆ ಹಾಕುವ ತಂಗಿಯ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಆದರೆ ನಾಲ್ಕು ವರ್ಷದಿಂದ ನೀನು ಕೂಡಿಸಿಕೊಟ್ಟ ಜೋಡಿಗಳು ಒಂದೊಂದಾಗಿ ಹಿಂದೆ ಬರತೊಡಗಿದ್ದವು, ದನಿ ಕಿವಿಗೆ ಚುಚ್ಚುತ್ತದೆ ಎಂಬ ದೂರಿನೊಂದಿಗೆ. ನಿನಗೆ ಮಾತ್ರ ಚುಚ್ಚುತ್ತಿರಲಿಲ್ಲ. ಮೇಲಿನ ಸ್ವರಗಳು ನಿನಗೆ ಕೇಳಿಸುವುದೇ ನಿಂತುಹೋಗಿತ್ತು. ಗೊತ್ತಾದ ದಿನವೇ ಹೇಳಬಹುದಿತ್ತು, ಹೇಳಲಿಲ್ಲ. ನಿನ್ನ ಕಣ್ಣು ತಪ್ಪಿಸಿ, ಕಿವಿಗೆ ಚುಚ್ಚದ ಬೆಚ್ಚಗಿನ ದನಿಯ ಆಂಪ್ಲಿಫೈಯರ್ ಬದಲಿಸಿ ಕೊಟ್ಟು, ಹೊಗಳಿಕೆಯನ್ನು ನಿನಗೇ ಬಿಟ್ಟೆ.

ನಿನ್ನ ಮನೆಯಲ್ಲಿ ಹಾಗೆ ಬದಲಿಸುವವರು ಯಾರೂ ಇರಲಿಲ್ಲ. ನಿನ್ನ ಆ ಉದ್ದನೆಯ ಸ್ಪೀಕರ್‌ಗಳು ಮೊದಲೇ ಚೂಪು ದನಿಯವು. ಅವಕ್ಕೆ ಅಷ್ಟೇ ಚೂಪಾದ ಆಂಪ್ಲಿಫೈಯರ್, ಸಾಲದ್ದಕ್ಕೆ ಮೇಲಿನ ಸ್ವರ ಏರಿಸುವ ಟ್ರೆಬಲ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದೆ. ಅತ್ತಿಗೆ ಕಿವಿಗೆ ಹತ್ತಿ ಇಟ್ಟುಕೊಂಡು ಅಡುಗೆಮನೆಯಲ್ಲಿ ಕೂರುತ್ತಿದ್ದರು. ನೀನು ಬಂದವರ ಮುಂದೆಲ್ಲ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನುತ್ತಿದ್ದೆ.

ಹೋದ ತಿಂಗಳು ಅತ್ತಿಗೆಯೇ ಅಂಗಡಿಗೆ ಬಂದು, ಕಿವಿಗೆ ಹಿತವಾದದ್ದೊಂದು ಮನೆಗೆ ತನ್ನಿ, ಸಂಜೆ ನಿಮ್ಮ ಪಕ್ಕ ಕೂರುವ ಆಸೆ ಎಂದು ಕೇಳಿದರು. ಅದಕ್ಕೆ ನೀನು ಗಿರಾಕಿಗಳ ಎದುರೇ ಹೇಳಿದ್ದು ನೆನಪಿದೆಯೇ? "ಈ ಕಿವುಡಿಗ್ಯಾಕೆ ಆಂಪ್ಲಿಫೈಯರ್, ಖಾಲಿ ಡಬ್ಬ ಬಡಿದ್ರೆ ಸಾಕು." ಗಿರಾಕಿಗಳು ನಕ್ಕರು. ಪಾಪ, ಅತ್ತಿಗೆಯೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಅಂಗಡಿಯಲ್ಲಿ ನೀನು ಗಿರಾಕಿಗಳಿಗೆ ಹಾಡು ಕೇಳಿಸುವ ಮುಂದಿನ ಪ್ರದರ್ಶನದ ಬೆಳಿಗ್ಗೆ ನಾನು ಅಲ್ಲಿನ ಎರಡೂ ಸ್ಪೀಕರ್ ಬಿಚ್ಚಿ, ಮೇಲಿನ ಸ್ವರ ನುಡಿಸುವ ಟ್ವೀಟರ್‌ನ ತಂತಿ ಕಿತ್ತಿಟ್ಟೆ. ಹಾಡು ಕಂಬಳಿಯೊಳಗಿಂದ ಬಂದಂತೆ ಬಂತು. ಇಪ್ಪತ್ತು ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರೆ, ನೀನು ಕಣ್ಣು ಮುಚ್ಚಿ ತಲೆದೂಗಿ, "ನೋಡಿ, ಒಂದೊಂದು ಕಿರುಗಂಟೆನೂ ಬಿಡಿಬಿಡಿಯಾಗಿ ಕೇಳ್ತಿದೆ" ಅಂದೆ. ನಾನು ಕಿತ್ತ ತಂತಿಯನ್ನು ಎಲ್ಲರಿಗೂ ಎತ್ತಿ ತೋರಿಸಿದೆ. ಇಂಗು ತಿಂದ ಮಂಗನ ಹಾಗಾಯಿತು ನಿನ್ನ ಮುಖ. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಅವತ್ತಿನಿಂದ ನೀನು ಅಂಗಡಿಗೆ ಬಂದಿಲ್ಲ. ಬರಬೇಡ. ಗಿರಾಕಿಗಳು ಈಗ ನನ್ನನ್ನು ಕೇಳುತ್ತಾರೆ.

ಮೊನ್ನೆ ಅತ್ತಿಗೆ ಬಂದು, ನಿನ್ನ ಸ್ಪೀಕರ್‌ನಂಥದ್ದೇ ಜೋಡಿಗೆ ಐದಾರು ಆಂಪ್ಲಿಫೈಯರ್ ಹಾಕಿಸಿ ಎರಡು ಗಂಟೆ ಕೇಳಿದರು. ಬೆಚ್ಚಗಿದ್ದವುಗಳಲ್ಲಿ ಕೆಲವು ಸಪ್ಪೆ ಎನಿಸಿದವು. ಕೊನೆಗೊಂದು ಬಂತು, ಬೆಚ್ಚಗೂ ಇತ್ತು, ಲವಲವಿಕೆಯಿಂದಲೂ ಇತ್ತು. "ಹಾಡೋಳು ಉಸಿರು ತಗೊಳ್ಳೋದೂ ಕೇಳತ್ತೆ" ಎಂದು ಕಣ್ಣೊರೆಸಿಕೊಂಡರು. ನಿನಗದು ಕೇಳಿಸದು. ಸತ್ತ ದನಿ ಅನ್ನುತ್ತೀಯ, ಕೈ ಟ್ರೆಬಲ್ ಗುಂಡಿಗೆ ಹೋಗುತ್ತದೆ. ಆ ಗುಂಡಿಯ ತಂತಿಯನ್ನು ಒಳಗೇ ಬಿಡಿಸಿದ್ದೇನೆ. ಎಷ್ಟು ಬೇಕಾದರೂ ತಿರುಗಿಸಿಕೋ.

ನಾಳೆ ಸಂಜೆ ಅತ್ತಿಗೆ ನಿನ್ನ ಪಕ್ಕದಲ್ಲಿ ಕೂತಿರುತ್ತಾರೆ. ಹಾಡು ಹೇಗಿದೆ ಎಂದು ಇನ್ನು ಮೇಲೆ ನೀನು ಅವರನ್ನೇ ಕೇಳಬೇಕು.

ನೂರು ವರ್ಷ ಬಾಳು.

ನಿನ್ನ ತಂಗಿ