ಯಾರ ಅವಧಿ ಮುಗಿಯುತ್ತಿದೆ?

ಹಳೆಯ ಕಂಪ್ಯೂಟರುಗಳನ್ನು ಕೈಬಿಡಲು ದಿನ ಗೊತ್ತುಮಾಡಿರುವ ಮಾನ್ಯ ಮುಖ್ಯಸ್ಥರೇ,

ಈ ತಿಂಗಳು ಕಳೆದ ಮೇಲೆ ನಮ್ಮ ಮನೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂಗೆ ನಿಮ್ಮ ಸಂಸ್ಥೆಯ ಬೆಂಬಲ ಇರುವುದಿಲ್ಲವಂತೆ. ನನಗೆ ಭಯವಾಗಿದೆ. ನಮ್ಮ ಅಕ್ಕ ಮಾತಾಡುವುದು ಅದರಲ್ಲಿ.

ಅಕ್ಕನಿಗೆ ಕೈ, ಕಾಲು, ನಾಲಿಗೆ ಯಾವುದೂ ಆಡುವುದಿಲ್ಲ, ಕಣ್ಣು ಮಾತ್ರ ಆಡುತ್ತದೆ. ಪರದೆಯ ಮೇಲಿನ ಅಕ್ಷರವನ್ನು ಅವಳು ದಿಟ್ಟಿಸಿದರೆ ಕೆಳಗೆ ಕೂರಿಸಿರುವ ಕ್ಯಾಮೆರಾ ಅದನ್ನು ಹಿಡಿದು ಪದ ಕಟ್ಟುತ್ತದೆ. ಇದೇ ಕಾಯಿಲೆಯಲ್ಲಿ ಹೋದ ಅಣ್ಣನಿಗೆ ಈ ಅನುಕೂಲ ಇರಲಿಲ್ಲ. ಕೊನೆಯ ದಿನ ಅವನು ನಮ್ಮನ್ನೇ ನೋಡುತ್ತಿದ್ದ. ನೀರು ಕೊಟ್ಟೆವು, ಮಗ್ಗುಲು ಬದಲಿಸಿದೆವು, ಕಿಟಕಿ ತೆರೆದೆವು. ಆ ನೋಟ ಬದಲಾಗಲಿಲ್ಲ. ಏನು ಬೇಕಿತ್ತೆಂದು ಇವತ್ತಿಗೂ ಗೊತ್ತಿಲ್ಲ.

ಹೋದ ವಾರ ಅಕ್ಕನ ಪರದೆಯ ನಡುವೆ ನಿಮ್ಮ ಸೂಚನೆ ಬಂದು ನಿಂತಿತು: ‘ನಿಮ್ಮ ಅವಧಿ ಮುಗಿಯುತ್ತಿದೆ. ಮುಂದೆ ಬೆಂಬಲ ಇರುವುದಿಲ್ಲ.’ ಕೆಳಗೆ ‘ಸರಿ’ ಎಂಬ ಒಂದೇ ಬಟನ್ನು. ಅದು ಅಕ್ಷರಗಳನ್ನೆಲ್ಲ ಮುಚ್ಚಿದ್ದರಿಂದ ನಾನೇ ಒತ್ತಿ ತೆಗೆದೆ. ಅಕ್ಕ ಒಂದೊಂದೇ ಅಕ್ಷರ ಹುಡುಕಿದಳು.

“ಡಾಕ್ಟರ್ ಹೇಳಿದ್ರಾ?”

“ಏನಂತ?”

“ನನ್ನ ಅವಧಿ.”

“ಅಯ್ಯೋ, ಅದು ಕಂಪ್ಯೂಟರ್‌ದು ಕಣಕ್ಕಾ!”

“ಸದ್ಯ. ಇಷ್ಟು ಮರ್ಯಾದೆಯಾಗಿ ಯಾರಪ್ಪಾ ಹೇಳ್ತಿರೋದು ಅಂದ್ಕೊಂಡೆ.”

ಇಬ್ಬರೂ ನಕ್ಕೆವು. ಅವಳ ನಗುವೂ ಕಣ್ಣಲ್ಲೇ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬರೆದಳು: “ಇದು ನಿಂತ್ರೆ ನಾನೂ ಅಣ್ಣನ ಥರಾನಾ?” ಟವೆಲು ಮಡಿಚುವ ನೆಪದಲ್ಲಿ ನಾನು ಪಕ್ಕದ ಕೋಣೆಗೆ ಹೋದೆ.

ಹೊಸದು ಹಾಕಿಸಿಕೊಳ್ಳಿ ಎನ್ನುತ್ತೀರಿ. ರಿಪೇರಿಯವರನ್ನು ಕರೆಸಿದೆ. ಅವರು ತಂದ ಹೊಸ ಕಂಪ್ಯೂಟರಿಗೆ ಸಿಕ್ಕಿಸಿದಾಗ ಕ್ಯಾಮೆರಾ ಕುರುಡಾಗಿ ಕೂತಿತು. “ಮೇಡಂ, ಇದನ್ನ ಮಾಡಿದ ಕಂಪನೀನೇ ಮುಚ್ಚೋಗಿದೆ. ಹಳೇದ್ರಲ್ಲೇ ಓಡ್ಸಿ. ಆದ್ರೆ ಒಂದ್ಸಲ ಕೆಟ್ರೆ ನನ್ನ ಕೈಲಿ ಎಬ್ಸೋಕಾಗಲ್ಲ,” ಎಂದರು. ನಿಮ್ಮ ಸಹಾಯವಾಣಿಯ ಹುಡುಗಿ, “ಹೊಸದ್ರಲ್ಲಿ ವಿಡಿಯೋ ತುಂಬಾ ಚೆನ್ನಾಗಿ ಕಾಣ್ಸುತ್ತೆ ಮೇಡಂ,” ಎಂದಳು. ಅಕ್ಕ ವಿಡಿಯೋ ನೋಡಬೇಕಿಲ್ಲ ತಾಯಿ, ಮಾತಾಡಬೇಕು.

ಹಳೆಯದು ಸುರಕ್ಷಿತವಲ್ಲ, ಕಳ್ಳರು ನುಗ್ಗುತ್ತಾರೆ ಎಂದೂ ಬರೆದಿದ್ದೀರಿ. ನಿಜವಿರಬಹುದು. ನುಗ್ಗಿದವನು ಏನನ್ನು ಹೊತ್ತೊಯ್ದಾನು? ‘ಬೆನ್ನು ತುರಿಸು’, ‘ಫ್ಯಾನ್ ಜೋರಾಯ್ತು’, ‘ನೀನು ಊಟ ಮಾಡಿದ್ಯಾ?’ ಇವನ್ನು ಕಾಯುವುದಕ್ಕೆ ಬಾಯಿಗೇ ಬೀಗ ಹಾಕುವುದು ಎಂಥ ಸುರಕ್ಷತೆ ಸ್ವಾಮೀ? ಆದರೆ ಕಳ್ಳ ಬಂದು ಯಂತ್ರ ಕೆಡಿಸಿಬಿಟ್ಟರೆ ಎಂಬ ಭಯ ನನಗೂ ಇದೆ. ಹಾಗೆಂದೇ ನೀವು ಕೈಬಿಡಬಾರದು ಎನ್ನುತ್ತಿರುವುದು.

ಅಕ್ಕನ ಕಣ್ಣನ್ನು ಗುರುತಿಸುವ ಹೊಸ ವ್ಯವಸ್ಥೆಯನ್ನು ಅವಳ ಹಾಸಿಗೆಯ ಪಕ್ಕದಲ್ಲೇ ನಡೆಸಿ ತೋರಿಸಿ. ಅಲ್ಲಿಯವರೆಗೆ ಹಳೆಯದರ ಬೆಂಬಲ ನಿಲ್ಲಿಸಬೇಡಿ. ಇಂಥವರು ಇನ್ನೆಷ್ಟು ಮನೆಗಳಲ್ಲಿದ್ದಾರೋ, ನೀವೇ ಹೋಗಿ ಕೇಳಿ. ಅವರು ನಿಮಗೆ ಫೋನು ಮಾಡಲಾರರು.

ಉತ್ತರವನ್ನು ನನಗೆ ಬೇಡ, ಅಕ್ಕನಿಗೇ ಬರೆಯಿರಿ. ಓದುತ್ತಾಳೆ. ಈ ತಿಂಗಳೊಳಗೆ ಬರೆದರೆ ತಿರುಗಿ ಉತ್ತರವನ್ನೂ ಕೊಡುತ್ತಾಳೆ.

ಇಂತಿ,
ನಿಮ್ಮ ಬಳಕೆದಾರಳೊಬ್ಬಳ ತಂಗಿ