ನಾಲ್ಕು ಮನೆಯ ಕೀಲಿ

ಘಣಸೋಲಿ ಗಾಂವ್
6 ಫೆಬ್ರುವರಿ 2025

ಪ್ರೀತಿಯ ಪದ್ಮಾವತಿ ಅಕ್ಕನಿಗೆ, ನಿನ್ನ ಕಾಂಚನಾಳ ನಮಸ್ಕಾರ.

ನಿಮ್ಮ ಮನೆಯಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಈ ಮಾತು ನಿನ್ನ ಅತ್ತೆಯ ಕಿವಿಗೆ ಬೀಳಬಾರದೆಂದು ಕಾಗದ ಬರೆದು, ಊರಿಗೆ ಹೊರಟ ನಮ್ಮ ಓಣಿಯ ಅಪ್ಪಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ನಿನ್ನ ಅತ್ತೆಗಂತೂ ಓದಲು ಬರುವುದಿಲ್ಲ.

ದೀಪಾವಳಿಯಿಂದ ನನಗೆ ಬಿಳಿ ಹೋಗುವುದು ಹೆಚ್ಚಾಗಿ ವಾಸನೆ, ತುರಿಕೆ, ಉರಿ ಇತ್ತಲ್ಲ. ನೀನು ಉಷ್ಣವೆಂದು ಹೇಳಿದ್ದೆ. ಕಾಮಕಸ್ತೂರಿ ಬೀಜ ನೆನೆಸಿ ಒಂದು ತಿಂಗಳು ಕುಡಿದೆ, ಕಡಿಮೆಯಾಗಲಿಲ್ಲ. ಆಮೇಲೆ ನನ್ನ ಅನುಮಾನ ಸಂಡಾಸಿನ ಮೇಲೆ ಹೋಯಿತು. ನಮ್ಮ ಚಾಳಿನಲ್ಲಿ ನಾಲ್ಕು ಮನೆಗೆ ಒಂದು ಸಂಡಾಸು, ಒಂದು ಬೀಗ, ಮನೆಗೊಂದು ಕೀಲಿ. ನಾಲ್ಕನೇ ಮನೆ ಚಂದ್ರಬಾಯಿಯದು. ಅವಳ ಗಂಡ ಟ್ರಕ್ ಓಡಿಸುತ್ತಾನೆ, ಊರೂರು ತಿರುಗಿ ರೋಗ ತರುವವನು ಅವನೇ ಎಂದುಕೊಂಡೆ. ನನಗೆ ಅಷ್ಟೇ ಸಾಕಾಯಿತು. ಹೊಸ ಬೀಗ ತಂದು ಹಾಕಿ ಮೂರೇ ಕೀಲಿ ಹಂಚಿದೆ.

"ನಾ ಏನ್ ಮಾಡೀನಿ, ಅದನ್ನರ ಹೇಳವಾ" ಎಂದು ಅವಳು ಬಾಗಿಲಲ್ಲಿ ನಿಂತು ಕೇಳಿದಳು. ನಾನು ಬಾಗಿಲು ಹಾಕಿಕೊಂಡೆ. ಮೊಣಕಾಲು ನೋವಿನ ಹೆಂಗಸು ಎರಡು ತಿಂಗಳು ಸ್ಟೇಷನ್ನಿನ ಸಂಡಾಸಿಗೆ ನಡೆದಳು.

ಸೋಮವಾರ ಸರಕಾರಿ ದವಾಖಾನೆಗೆ ಹೋದೆ. ಡಾಕ್ಟರು ಪರೀಕ್ಷೆ ಮಾಡಿ ಗುಪ್ತರೋಗ ಎಂದರು. ಅಲ್ಲಿ ಕೂರಿಸಿಕೊಂಡು ತಿಳಿಸಿ ಹೇಳುವ ಸುಬ್ಬಲಕ್ಷ್ಮಿ ಮೇಡಂ ಮೈಸೂರು ಕಡೆಯವರು. ಕನ್ನಡ ಕೇಳಿದ್ದೇ ನನ್ನ ಬಾಯಿ ಬಿಚ್ಚಿತು. ತಾಳಿ ಕಟ್ಟಿಕೊಂಡವಳಿಗೆ ಇಂಥದ್ದು ಹೇಗೆ ಬರುತ್ತದೆ ಎಂದು ಕೇಳಿದೆ.

"ರೋಗಕ್ಕೆ ತಾಳಿ ಕಾಣಿಸಲ್ಲ ಕಣಮ್ಮ" ಎಂದರು. ಇದು ಸಂಡಾಸಿನಿಂದ ಬರುವುದಲ್ಲ, ಕೂಡಿ ಮಲಗುವುದರಿಂದ ಬರುವುದು ಎಂದೂ ಹೇಳಿದರು. ಮಲಗಿದ ಮೇಲೆ ಚೆನ್ನಾಗಿ ತೊಳೆದುಕೊಂಡರೆ ಎಂದೆ. ಆದರೂ ಬರಬಹುದಂತೆ. ನನ್ನ ಗಂಡನಿಗೆ ಏನೂ ಆಗಿಲ್ಲವಲ್ಲ? ಗಂಡಸರಿಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲವಂತೆ. ಹೊರಗೆ ಸಾಲು ಬೆಳೆಯುತ್ತಿತ್ತು, ನಾನು ಕೇಳುತ್ತಲೇ ಇದ್ದೆ. "ಇಷ್ಟು ಪ್ರಶ್ನೆ ನರ್ಸಿಂಗ್ ಹುಡುಗೀರೂ ಕೇಳಲ್ಲ" ಎಂದು ನಕ್ಕರು. ಯಾರಿಂದ ಯಾರಿಗೆ ಬಂತು ಎನ್ನುವುದಕ್ಕೆ ಮಾತ್ರ ಪರೀಕ್ಷೆ ಇಲ್ಲವಂತೆ.

ಡಾಕ್ಟರು ರಕ್ತ ಪರೀಕ್ಷೆಗೂ ಬರೆದು, ಗುಳಿಗೆಯ ಎರಡು ಪೊಟ್ಟಣ ಕೊಟ್ಟಿದ್ದರು. ಒಂದು ನನಗೆ, ಒಂದು ಇವರಿಗೆ. ಇವರು ನುಂಗದಿದ್ದರೆ ನನಗೆ ಮತ್ತೆ ಬರುತ್ತದೆ.

ಬಿಳಿ ಹೋಗುವುದೆಲ್ಲ ಈ ರೋಗವಲ್ಲ ಅಕ್ಕಾ. ಆದರೆ ಯಾವುದೆಂದು ಡಾಕ್ಟರು ನೋಡದೆ ತಿಳಿಯದು. ನಿನಗೂ ಮೂರು ವರ್ಷದಿಂದ ಇದೆ. ಬೀಜ ನೆನೆಸುವುದು ಬಿಟ್ಟು ತಾಲೂಕು ದವಾಖಾನೆಗೆ ಹೋಗು.

ಇವತ್ತು ಬೆಳಿಗ್ಗೆ ಚಂದ್ರಬಾಯಿಗೆ ಕೀಲಿ ಕೊಟ್ಟು, ಏನೆಂದು ತಿಳಿದು ಬೀಗ ಹಾಕಿದ್ದೆನೋ ಎಲ್ಲ ಹೇಳಿದೆ. ಅವಳು ಕೀಲಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಸಂಡಾಸದಿಂದ ಬರೂದಿದ್ರ ನಾಲ್ಕೂ ಮನಿಗೆ ಬರಬೇಕಿತ್ತಲ್ಲವಾ. ನಿನಗೊಬ್ಬಾಕಿಗೇ ಯಾಕ?" ಎಂದಳು. ಅಷ್ಟು ಪ್ರಶ್ನೆ ಕೇಳಿದ ನನಗೆ ಇದೊಂದು ಹೊಳೆದಿರಲಿಲ್ಲ.

ಇವರ ಪೊಟ್ಟಣ ಮೂರು ದಿನದಿಂದ ಅಕ್ಕಿ ಡಬ್ಬಿಯಲ್ಲಿದೆ. ಅದನ್ನು ಕೊಟ್ಟರೆ, ಬೇರೆ ಯಾರ ಹತ್ತಿರ ಹೋಗಿದ್ದಿರಿ ಎಂದು ಕೇಳಿದಂತೆ. ಕೇಳಿದ ಮೇಲೆ ಈ ಮನೆ ಹೇಗಿರುತ್ತದೋ ಗೊತ್ತಿಲ್ಲ. ತುರ್ಭೆ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಿ ಸಂಜೆ ಬರುತ್ತಾರೆ. ಇವತ್ತು ಕೊಡುತ್ತೇನೆ.

ನಿನ್ನ ತಂಗಿ,
ಕಾಂಚನಾ

ಮತ್ತೊಂದು ಮಾತು: ಕಾಗದ ಮಡಚುವ ಮೊದಲೇ ಇವರು ಬಂದರು. ಪೊಟ್ಟಣ ಕೈಯಲ್ಲಿಟ್ಟೆ. ಕೆಮ್ಮಿನ ಗುಳಿಗೆ ಕೊಟ್ಟರೂ ಯಾತರದ್ದು, ಯಾರು ಕೊಟ್ಟರು, ಎಷ್ಟು ದಿನ ಎಂದು ಕೇಳುವ ಮನುಷ್ಯ. ಇವತ್ತು ಒಂದನ್ನೂ ಕೇಳಲಿಲ್ಲ. ನೀರು ತಾ ಎಂದರು, ನುಂಗಿದರು.