ಎರಡು ಸಲ ಬಸಿದ ನೀರು

ಅಂಗಡಿ ಮೇಲಿನ ಮನೆ,
ಒಂಬತ್ತನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ನಿನ್ನ ಅಕ್ಕನ ಮನೆಯ ನೆಲ ತಣ್ಣಗಿರುತ್ತದೆ, ಬರೀ ಚಾಪೆ ಹಾಸಿಕೊಂಡು ಮಲಗಬೇಡ. ಫೋನ್ ಮಾಡಿದರೆ ‘ಹೂಂ ಅತ್ತೆ’ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ನಾನು ಹೊತ್ತಿಗೆ ಸರಿಯಾಗಿ ಉಂಡು ಏಳುತ್ತಿದ್ದೇನೆ. ನಿನ್ನ ಗಂಡನೂ ಅಷ್ಟೇ. ನೀನು ಹೋಗಿ ಎರಡು ತಿಂಗಳಾಯಿತು. ಮೊನ್ನೆ ಅವನೇ ತರಕಾರಿ ಹೆಚ್ಚಿದ. ಹೆಚ್ಚಿದವನು ಅಭ್ಯಾಸಬಲದಿಂದ ದೊಡ್ಡ ಪಾತ್ರೆಗೆ ನೀರು ತುಂಬಿ ನೆನೆಹಾಕಿಬಿಟ್ಟ. ಆಮೇಲೆ ಇಬ್ಬರೂ ಆ ಪಾತ್ರೆಯನ್ನೇ ನೋಡುತ್ತ ನಿಂತೆವು. ಇನ್ನು ಯಾರಿಗಾಗಿ ನೆನೆಸಬೇಕು?

ಹೋದ ವಾರ ಕೆಳಗಿನ ಅಂಗಡಿಯ ಬಾಗಿಲು ತೆಗೆದೆ. ಅದೇ ರಟ್ಟಿನ ವಾಸನೆ, ಅದೇ ಅಂಟಿನ ವಾಸನೆ. ಯಾವುದೋ ಶಾಲೆಯ ಹಾಜರಿ ಪುಸ್ತಕ ಅರ್ಧ ಹೊಲಿದಂತೆಯೇ ಚೌಕಟ್ಟಿನಲ್ಲಿದೆ, ಸೂಜಿಯೂ ಅದರಲ್ಲೇ ಇದೆ. ಎರಡೂ ಕಿಡ್ನಿ ಕೈಕೊಟ್ಟ ನಾಲ್ಕು ವರ್ಷದಲ್ಲಿ, ಡಯಾಲಿಸಿಸ್ ಇಲ್ಲದ ದಿನ ನಿನ್ನ ಮಾವ ಒಂದು ದಿನವೂ ಪುಸ್ತಕ ಕಟ್ಟುವುದನ್ನು ಬಿಟ್ಟವರಲ್ಲ. ಮೊದಲ ಸಲ ಎದೆ ತಾಳ ತಪ್ಪಿದಾಗಲೂ ಅವರು ಹೇಳಿದ್ದು ಕಸುಬಿನ ಮಾತೇ. ‘ಮೂರು ಹೊಲಿಗೆ ಸರಿಯಾಗಿ ಬೀಳುತ್ತೆ ಕಣೇ, ನಾಲ್ಕನೇದು ತಪ್ಪುತ್ತೆ. ಒಳಗೆ ಯಾರೋ ಹೊಸಬ ಹೊಲೀತಿದ್ದಾನೆ’ ಅಂದಿದ್ದರು. ನಾನು ಮಣಿಕಟ್ಟು ಹಿಡಿದು ನೋಡಿದೆ. ನಿಜ, ಮೂರು ಬಡಿದು ಒಂದು ಕಾಯಿಸುತ್ತಿತ್ತು. ಅವತ್ತಿನಿಂದ ದಿನಾ ಬೆಳಿಗ್ಗೆ ನಾಡಿ ಹಿಡಿದು ನನ್ನ ದಿನಚರಿಯಲ್ಲಿ ಬರೆದಿಡುತ್ತಿದ್ದೆ. ಈಗಲೂ ಬೆಳಿಗ್ಗೆ ಎದ್ದರೆ ಕೈ ಪಕ್ಕದ ಹಾಸಿಗೆಯ ಕಡೆ ಹೋಗುತ್ತದೆ.

ಡಾಕ್ಟರು ಬರೆದುಕೊಟ್ಟ ಪಟ್ಟಿಯನ್ನು ನೀನು ಅಡುಗೆಮನೆ ಗೋಡೆಗೆ ಅಂಟಿಸಿದ್ದೆಯಲ್ಲ, ಅದು ಹಾಗೇ ಇದೆ. ಬಾಳೆಹಣ್ಣು ಬೇಡ, ಹಣ್ಣಿನ ರಸ ಬೇಡ, ಉಪ್ಪು ತೀರಾ ಕಡಿಮೆ, ಪೊಟ್ಯಾಸಿಯಂ ಹೋಗಲು ತರಕಾರಿಯನ್ನು ನೆನೆಸಿ ಬಸಿದು, ಬೇಯಿಸಿ ಮತ್ತೆ ಬಸಿಯಬೇಕು. ಒಂದು ದಿನವೂ ನೀನು ತಪ್ಪಿಸಲಿಲ್ಲ. ಅದಕ್ಕೇ ಅವರು ನಿನಗೆ ಜೈಲರಮ್ಮ ಅಂತ ಹೆಸರಿಟ್ಟದ್ದು. ‘ಏನು ಜೈಲರಮ್ಮ, ಇವತ್ತು ಕೈದಿಗೆ ಏನು ಭಾಗ್ಯ?’ ಅನ್ನುತ್ತಿದ್ದರು. ‘ಸೋರೆಕಾಯಿ ಮಾವ, ಎರಡು ಸಲ ಬಸಿದದ್ದು’ ಅಂದರೆ, ‘ಸರಿ ಬಿಡು, ಅದರ ಆತ್ಮಾನೂ ಬಸಿದು ಹೋಗಿರುತ್ತೆ.’ ತಟ್ಟೆಯಲ್ಲಿ ಅರ್ಧ ಬಿಟ್ಟೇ ಏಳುತ್ತಿದ್ದವರು ಕೊನೆಯ ಮೂರು ವಾರ ಪೂರ್ತಿ ಉಂಡರು. ಮಧ್ಯಾಹ್ನ ನಾನು ಅಂಗಡಿಗೆ ಒಯ್ದ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ‘ಮಾವ ಕೊನೆಗೂ ಒಗ್ಗಿಕೊಂಡರು ಅತ್ತೆ’ ಅಂತ ನೀನು ಡಬ್ಬಿ ತಿರುವಿ ತೋರಿಸಿ ಕುಣಿದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಮಂಗಳವಾರದ ವಿಷಯ ಬರೆಯದೆ ವಿಧಿಯಿಲ್ಲ. ಡಯಾಲಿಸಿಸ್‌ಗೆ ಹೊರಟವರು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಮೆಟ್ಟಿಲ ಮೇಲೆ ಕೂತುಬಿಟ್ಟರು, ಮತ್ತೆ ಏಳಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಮುಗಿದ ಮೇಲೆ ಡಾಕ್ಟರು ಬಂದು, ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತು, ಅದಕ್ಕೆ ಎದೆಬಡಿತ ಕೆಟ್ಟು ನಿಂತಿತು, ಊಟದಲ್ಲಿ ಏನಾದರೂ ಬದಲಾಗಿತ್ತೇ ಎಂದು ಕೇಳಿದರು. ಆಗ ನಾನು ಅಷ್ಟು ಜನರ ಎದುರು ನಿನ್ನ ಕಡೆ ತಿರುಗಿ ‘ಏನು ಹಾಕಿ ಕೊಟ್ಟೆ ನೀನು ಅವರಿಗೆ?’ ಅಂದೆ. ‘ಎರಡು ಸಲ ಬಸಿದಿದ್ದೆ ಅತ್ತೆ’ ಅಂದೆ ನೀನು. ಅಷ್ಟೇ ಅಂದದ್ದು. ನಿನ್ನ ಗಂಡ ಬಾಯಿ ತೆರೆಯಲಿಲ್ಲ. ಹತ್ತು ದಿನ ಕಳೆದು ನೀನು ಬಟ್ಟೆ ಮಡಚಿಕೊಂಡೆ. ಆಡಿದ ಮಾತು, ಒಡೆದ ಮುತ್ತು ಅನ್ನುತ್ತಾರೆ, ನಾನು ಒಡೆದದ್ದು ಮುತ್ತನ್ನಲ್ಲ.

ಶುಕ್ರವಾರ ಅವರ ಕಂಬಳಿಯನ್ನು ಒಗೆದು ಡಯಾಲಿಸಿಸ್ ಕೋಣೆಗೆ ಒಯ್ದೆ, ಚಳಿಯಾಗುವವರು ಯಾರಾದರೂ ಹೊದೆಯಲಿ ಅಂತ. ಕಿಟಕಿ ಪಕ್ಕದ ಅವರ ಕುರ್ಚಿಯಲ್ಲಿ ಈಗ ಒಬ್ಬ ಟೀಚರಮ್ಮ ಕೂರುತ್ತಾರೆ. ಯಂತ್ರ ನೋಡಿಕೊಳ್ಳುವವನು, ನಿನ್ನ ಮಾವ ಮೇಸ್ತ್ರಿ ಅಂತ ಕರೆಯುತ್ತಿದ್ದರಲ್ಲ, ಅವನು ನನ್ನನ್ನು ಕೂರಿಸಿ ನೀರು ಕೊಟ್ಟ. ‘ಕಿಡ್ನಿ ಕೆಲಸ ನಿಲ್ಲಿಸಿದವರ ಎದೆ ಹೀಗೇ ಅಮ್ಮ. ಪೊಟ್ಯಾಸಿಯಂ ಏರುತ್ತೆ, ಯಂತ್ರ ಇಳಿಸುತ್ತೆ, ಮತ್ತೆ ಏರುತ್ತೆ. ವರ್ಷಗಟ್ಟಲೆ ಈ ಏರಿಳಿತದಲ್ಲಿ ಹೃದಯ ದಣಿದಿರುತ್ತೆ. ಶನಿವಾರ ಹೋದವರು ಮಂಗಳವಾರ ಬರೋವರೆಗೆ ನನಗೂ ಜೀವದಲ್ಲಿ ಜೀವ ಇರಲ್ಲ’ ಅಂದ. ಇದೊಂದರಿಂದಲೇ ಆಯಿತು ಅಂತ ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ ಎಂದೂ ಹೇಳಿದ. ನಾನು ತೋರಿಸಿದ್ದೆನಲ್ಲ, ತಲೆ ತಗ್ಗಿಸಿ ಕೂತೆ.

ಊಟ ಬಿಡಬೇಡ. ನಿನ್ನ ಅಕ್ಕನಿಗೂ ಭಾವನಿಗೂ ನಾನು ಕೇಳಿದೆ ಎಂದು ಹೇಳು. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ, ನಿದ್ದೆ ಚೆನ್ನಾಗಿ ಬರಲಿ.

ಇತಿ,
ನಿನ್ನ ಅತ್ತೆ

ಮತ್ತೆ: ಮರೆತು ಇಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಮೂರು ವಾರ ಡಬ್ಬಿ ಖಾಲಿಯಾಗಲು ಕಾರಣ ನಾನು. ಕಿರಾಣಿ ಅಂಗಡಿಯಲ್ಲಿ ಹೊಸ ಉಪ್ಪು ಬಂದಿತ್ತು. ಪೊಟ್ಟಣದ ಮೇಲೆ ಕೆಂಪು ಹೃದಯದ ಚಿತ್ರ, ‘ಸೋಡಿಯಂ ಕಡಿಮೆ’ ಎಂದು ದಪ್ಪ ಅಕ್ಷರ. ಹೃದಯಕ್ಕೆ ಒಳ್ಳೆಯದು ಎಂದುಕೊಂಡು ತಂದು, ಕೆಳಗೆ ನಮ್ಮ ಅಂಗಡಿಯಲ್ಲಿ ಅಂಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ಅವರ ಊಟಕ್ಕೆ ಮೊದಲು ಚಿಟಿಕೆ, ಆಮೇಲೆ ಚಮಚ. ‘ಜೈಲರಮ್ಮನಿಗೆ ಹೇಳಬೇಡ ಕಣೇ’ ಎಂದು ಅವರು ಕಣ್ಣು ಮಿಟುಕಿಸುತ್ತಿದ್ದರು. ‘ಇವತ್ತು ಎರಡು ಸಲ ಬಡಿಸಿಕೊಂಡರು’ ಎಂದು ನಾನು ದಿನಚರಿಯಲ್ಲಿ ಖುಷಿಯಿಂದ ಬರೆದಿದ್ದೇನೆ. ಡಾಕ್ಟರು ಕೇಳಿದಾಗ ಅದು ನೆನಪಿಗೇ ಬರಲಿಲ್ಲ, ಒಳ್ಳೆಯದು ಎಂದೇ ನಂಬಿದ್ದೆ. ಎಷ್ಟು ನಂಬಿದ್ದೆನೆಂದರೆ, ಉಳಿದ ಅರ್ಧ ಪೊಟ್ಟಣವನ್ನು ಶುಕ್ರವಾರ ಕಂಬಳಿಯ ಜೊತೆ ಒಯ್ದು ಆ ಟೀಚರಮ್ಮನ ಕೈಗೆ ಕೊಟ್ಟೆ. ಮೇಸ್ತ್ರಿ ಓಡಿ ಬಂದು ಕಿತ್ತುಕೊಂಡ. ಹಿಂದಿನ ಸಣ್ಣ ಅಕ್ಷರ ಓದಿ ಹೇಳಿದ. ಸೋಡಿಯಂ ತೆಗೆದ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ. ಕಿಡ್ನಿ ಸರಿಯಿಲ್ಲದವರು ಮುಟ್ಟಲೇಬಾರದಂತೆ. ನಿನ್ನ ಗಂಡನಿಗೆ ನಿನ್ನೆ ಹೇಳಿದೆ. ಅವನು ಅತ್ತ. ನಿನ್ನ ಹತ್ತಿರ ಬರುತ್ತಾನೆ, ಬಾಗಿಲು ತೆಗೆ. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಕಾಗದದ ಈ ಭಾಗವನ್ನು ಮಾತ್ರ ನಿನ್ನ ಅಕ್ಕ, ಭಾವ ಇಬ್ಬರನ್ನೂ ಕೂರಿಸಿ ಗಟ್ಟಿಯಾಗಿ ಓದಿ ಹೇಳು. ನೀನು ಎರಡು ಸಲ ಬಸಿದಿದ್ದೆ ಮಗಳೇ. ನಾನು ಪಕ್ಕದಲ್ಲೇ ನಿಂತು ನೋಡಿದ್ದೆ.